ಬಾಳೆ ಮೀನಿಗೆ ತಕ್ಕ ಗಾಳದ ಕೋಲು

ಈಚೆಗೆ ನನ್ನ ಹಳೆಯ ಮಿತ್ರರೊಬ್ಬರ ಮಗ ನಮ್ಮ ಮನೆಗೆ ಬಂದಿದ್ದ. ಕೈಯಲ್ಲಿ ಅಂಗಡಿಯೊಂದರ ಬೆಲೆಪಟ್ಟಿ ಇತ್ತು. ಅದರ ತುಂಬ ಗಾಳದ ಕೋಲುಗಳ ಚಿತ್ರಗಳು. ಒಂದೊಂದರ ಕೆಳಗೂ ಅಡಿ, ಪೌಂಡು, ಗ್ರಾಂಗಳ ಲೆಕ್ಕ. ಅವನು ಕೇಳಿದ್ದು ಒಂದೇ ಮಾತು: “ದೊಡ್ಡ ಮೀಸೆಮೀನು ಹಿಡಿಯಬೇಕು. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಕೋಲು ಯಾವುದು, ಹೇಳಿ.” ಸುಮಾರು ನಲವತ್ತು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಒಬ್ಬ ಅಂಗಡಿಯವನ ಮುಂದೆ ಇಟ್ಟಿದ್ದೆ. ಆತ ಕೊಟ್ಟ ಉತ್ತರವನ್ನು ನಂಬಿ ಹಣ ತೆತ್ತೆ. ಆದರೆ ಆ ಉತ್ತರದ ಬೆಲೆಯನ್ನು ತೆತ್ತದ್ದು ನಾನೊಬ್ಬನೇ ಅಲ್ಲ. ಆ ಕಥೆಯನ್ನು ಹೇಳುವುದಕ್ಕಾಗಿಯೇ, ಮತ್ತು ಆ ಹುಡುಗನ ಪ್ರಶ್ನೆ ಎಲ್ಲಿ ತಪ್ಪುತ್ತದೆ ಎಂಬುದನ್ನು ತೋರಿಸುವುದಕ್ಕಾಗಿಯೇ, ಈ ಹೊತ್ತಿನ ನನ್ನ ಮಾತನ್ನು ಮೀಸಲಿಡುತ್ತೇನೆ.

ಗಾಳ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವೇ ಇದೆ. ಮೀನುಗಳ ಬಗೆಗಳು, ಅವುಗಳಿಗೆ ಒಡ್ಡುವ ಮೇವು, ಗಾಳ ಹಾಕುವ ಕ್ರಮ ಎಲ್ಲವೂ ಅದರಲ್ಲಿ ಬರುತ್ತವೆ. ಮುಂದೆ 1873ರಲ್ಲಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ‘ದಿ ರಾಡ್ ಇನ್ ಇಂಡಿಯಾ’ ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಭಾರತದ ನದಿಗಳಲ್ಲಿ ಗಾಳ ಹಾಕುವವರಿಗೆ ಬಹುಕಾಲ ಕೈಪಿಡಿಯಾಗಿದ್ದ ಆ ಪುಸ್ತಕ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿಯೇ. ಹೀಗೆ ದೊರೆಯಿಂದ ಹಿಡಿದು ಕಲೆಕ್ಟರರವರೆಗೆ ಅನೇಕರು ಯೋಚಿಸಿದ ಈ ವಿಷಯವನ್ನು ನಾನು ನನ್ನ ಅಲ್ಪ ಅನುಭವದ ಮಟ್ಟಿಗೆ ಮಾತ್ರ ಹೇಳಬಲ್ಲೆ.

ಮೊದಲು ಮೀನನ್ನು ತಿಳಿಯೋಣ. ಕೋಲು ಆಮೇಲಿನ ಮಾತು. ಬಾಳೆ ಎಂದಕೂಡಲೇ ಹಣ್ಣಿನ ನೆನಪಾಗುವ ಪಟ್ಟಣದ ಶ್ರೋತೃಗಳಿಗೆ ಒಂದು ಮಾತು ಹೇಳಬೇಕು. ನಮ್ಮ ಹೊಳೆಗಳಲ್ಲಿ, ದೊಡ್ಡ ಕೆರೆಗಳಲ್ಲಿ, ಅಣೆಕಟ್ಟುಗಳ ಹಿನ್ನೀರಿನಲ್ಲಿ ಬಾಳೆ ಎಂಬ ಮೀನೂ ಇದೆ. ತಮಿಳರು ಇದನ್ನು ವಾಳೈ ಎನ್ನುತ್ತಾರೆ. 1801ರಲ್ಲಿ ಯೂರೋಪಿನ ಪಂಡಿತರು ಇದನ್ನು ವಿಜ್ಞಾನದ ಪಟ್ಟಿಗೆ ಸೇರಿಸಿದರು. ಈಗ ಅದಕ್ಕಿರುವ ‘ವಲ್ಲಾಗೊ ಅಟ್ಟು’ ಎಂಬ ಹೆಸರಿನಲ್ಲಿ ನಮ್ಮ ತೆಂಕಣ ನುಡಿಗಳ ದನಿ ಈಗಲೂ ಕೇಳಿಸುತ್ತದೆ. ಮೈಮೇಲೆ ಹುರುಪೆಯಿಲ್ಲ. ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾದ ಉದ್ದನೆಯ ಮೈ, ಬೆಳ್ಳಿಯ ಹೊಳಪು. ಹಳಗನ್ನಡದ ‘ಬಾಳ್’, ಅಂದರೆ ಕತ್ತಿ, ನೆನಪಾದರೆ ಆಶ್ಚರ್ಯವಿಲ್ಲ. ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ. ಎರಡು ಜೊತೆ ಮೀಸೆಗಳು, ದವಡೆಗಳಲ್ಲಿ ಸಾಲುಸಾಲಾಗಿ ಒಳಕ್ಕೆ ಬಾಗಿದ ಚೂಪಾದ ಹಲ್ಲುಗಳು. ಆಂಗ್ಲರು ಇದನ್ನು ಸಿಹಿನೀರಿನ ಶಾರ್ಕ್ ಎಂದು ಕರೆದದ್ದು ಬರಿಯ ಅಲಂಕಾರವಲ್ಲ.

ಹಗಲು ಹೊತ್ತಿನಲ್ಲಿ ಇದು ದಂಡೆಯ ಪೊಟರೆಯಲ್ಲೋ ಮುಳುಗಿದ ಮರದ ಬುಡದಲ್ಲೋ ಅಡಗಿರುತ್ತದೆ. ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಗಾಳಕ್ಕೆ ಸಿಕ್ಕಿದ ಕ್ಷಣದಲ್ಲಿ ಇದರ ಮೊದಲ ಕೆಲಸ ತನ್ನ ಪೊಟರೆಯ ಕಡೆಗೆ ಧಾವಿಸುವುದು. ಆ ಮೊದಲ ಧಾವಂತ ಬಲು ಬಿರುಸಿನದು. ಅದನ್ನು ತಡೆದು ತಿರುಗಿಸಿದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ತಲೆ ಕೊಡವುತ್ತ, ಮೈ ಹೊರಳಿಸುತ್ತ ಎಳೆದಾಡುತ್ತದೆಯೇ ಹೊರತು ಗಂಟೆಗಟ್ಟಲೆ ಹೋರಾಡುವ ಜಾತಿಯಲ್ಲ. ಕೋಲಿನ ಆಯ್ಕೆಗೆ ಇಷ್ಟು ತಿಳಿವು ಅಗತ್ಯ. ಏಕೆಂದರೆ ನಾವು ಆರಿಸುತ್ತಿರುವುದು ಆ ಮೊದಲ ಅರ್ಧ ನಿಮಿಷಕ್ಕೆ ತಕ್ಕ ಉಪಕರಣವನ್ನು.

ಇನ್ನು ನನ್ನ ಕಥೆ. ಆಗ ನಾನು ತುಂಗಭದ್ರೆಯ ಹಿನ್ನೀರಿನ ದಡದಲ್ಲಿರುವ ಒಂದು ಊರಿನಲ್ಲಿ ಉದ್ಯೋಗದಲ್ಲಿದ್ದೆ. 1953ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ತೋಪುಗಳ ಬೊಡ್ಡೆಗಳು ಬೇಸಗೆಯಲ್ಲಿ ನೀರು ಇಳಿದಾಗ ಅಲ್ಲಲ್ಲಿ ತಲೆಯೆತ್ತುತ್ತಿದ್ದವು. ಅಂಥ ಕಡೆ ಬಾಳೆ ಇರುತ್ತದೆ ಎಂದು ಕೇಳಿದ್ದೆ. ದೊಡ್ಡ ಪಟ್ಟಣವೊಂದಕ್ಕೆ ಹೋದಾಗ ಅಂಗಡಿಯವನು “ಇದಕ್ಕಿಂತ ಗಟ್ಟಿಯಾದದ್ದು ನಮ್ಮಲ್ಲಿಲ್ಲ” ಎಂದು ಹನ್ನೆರಡು ಅಡಿಯ ಒಂದು ಕೋಲನ್ನು ಮುಂದಿಟ್ಟ. ಸಮುದ್ರ ತೀರದಲ್ಲಿ ನಿಂತು ಭಾರವಾದ ಸೀಸದ ಗುಂಡು ಎಸೆಯುವುದಕ್ಕೆಂದು ಮಾಡಿದ್ದು ಅದು. ನಾನು ಅದರ ದಪ್ಪವನ್ನು ನೋಡಿ ಮರುಳಾದೆ. ಅದಕ್ಕೆ ಸುತ್ತಿದ ದಾರ ಮಾತ್ರ ನನ್ನಲ್ಲಿ ಮೊದಲೇ ಇದ್ದ ಹದಿನೈದು ಪೌಂಡಿನ ನೈಲಾನ್. ಕೋಲು ಗಟ್ಟಿಯಿದ್ದರೆ ಸಾಕು, ದಾರ ಯಾವುದಾದರೇನು ಎಂಬುದು ಅಂದಿನ ನನ್ನ ಜ್ಞಾನ.

ಹಿನ್ನೀರಿನಲ್ಲಿ ಬಲೆ ಹಾಕಿ ಬದುಕುತ್ತಿದ್ದ ಒಬ್ಬ ವೃದ್ಧ ಬೆಸ್ತರ ಪರಿಚಯ ನನಗಿತ್ತು. ಅವರು ನನ್ನ ಕೋಲನ್ನು ಕೈಗೆ ತೆಗೆದುಕೊಂಡು ಒಮ್ಮೆ ಅಲ್ಲಾಡಿಸಿ ನೋಡಿದರು. “ಸಾಹೇಬ್ರ, ಇದು ಕೋಲಲ್ಲ, ನೊಗ. ಇದು ಬಾಗೂದಿಲ್ಲ. ಇದು ಬಾಗದಿದ್ರ ದಾರ ಹರೀತೈತಿ” ಎಂದರು. ನಾನು ನಕ್ಕು ಸುಮ್ಮನಾದೆ.

ಆಷಾಢದ ಮೊದಲ ದಿನಗಳು. ಹೊಳೆಗೆ ಹೊಸ ನೀರು ಬಂದು ಹಿನ್ನೀರು ಕೆಂಪಗಾಗಿತ್ತು. ರಾತ್ರಿ ಒಂಬತ್ತರ ಸುಮಾರಿಗೆ ದಾರ ಒಮ್ಮೆಲೇ ಬಿಗಿಯಿತು. ನಾನು ಕೋಲನ್ನೆತ್ತಿ ಹಿಡಿದೆ. ಅದು ತುದಿಯಲ್ಲಿ ಒಂದಿಷ್ಟು ನಡುಗಿತೇ ಹೊರತು ಬಾಗಲಿಲ್ಲ. ಮೀನು ಬೊಡ್ಡೆಗಳ ಕಡೆ ನುಗ್ಗಿದ ಮರುಗಳಿಗೆಯಲ್ಲಿ ಕೋಲು ಹಗುರವಾಯಿತು. ದಾರ ಕಡಿದದ್ದು ಮೀನಿನ ಬಾಯ ಬಳಿ ಅಲ್ಲ, ಕೋಲಿನ ತುದಿಯ ಬಳಿ. ಬೆಳಕಿನಲ್ಲಿ ನೋಡಿದಾಗ ತುದಿಯ ಉಂಗುರದ ಒಳಮೈಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಹೀಗಾಗಿ ಮೀನು ತನ್ನ ಬಾಯಲ್ಲಿ ಕೊಕ್ಕೆಯನ್ನೂ ಹಿಂದೆ ಮೂವತ್ತು ನಲವತ್ತು ಗಜ ದಾರವನ್ನೂ ಎಳೆದುಕೊಂಡು ಹೋಯಿತು.

ದೊಡ್ಡ ಮೀನು ತಪ್ಪಿಸಿಕೊಂಡಿತೆಂದು ನಾನು ಗೆಳೆಯರ ಮುಂದೆ ನಾಲ್ಕು ದಿನ ಹೇಳಿಕೊಂಡು ತಿರುಗಿದೆ. ಐದನೆಯ ದಿನ ಬೆಳಗ್ಗೆ ಆ ವೃದ್ಧರು ನನ್ನನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೋದರು. ಎರಡು ಬೊಡ್ಡೆಗಳ ನಡುವೆ ನನ್ನ ದಾರ ಸುತ್ತಿಕೊಂಡಿತ್ತು. ಅದರ ಕೊನೆಯಲ್ಲಿ ನನ್ನ ಎದೆಯೆತ್ತರದ ಒಂದು ಬಾಳೆ ಸತ್ತು ತೇಲುತ್ತಿತ್ತು. ಹೊಟ್ಟೆ ಉಬ್ಬಿ ಬಿರಿದಿತ್ತು, ಒಳಗೆಲ್ಲ ಮೊಟ್ಟೆ. ಮುದುಕರು ಒಂದು ಮಾತನ್ನೂ ಆಡದೆ ಕೊಕ್ಕೆಯನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ಆ ಮೀನನ್ನು ತಿನ್ನುವಂತಿರಲಿಲ್ಲ, ಮಾರುವಂತಿರಲಿಲ್ಲ. ಅವರ ಪಾಲಿಗೆ ಅದು ಒಂದು ವಾರದ ಅನ್ನ. ಹೊಳೆಯ ಪಾಲಿಗೆ ಅದೆಷ್ಟು ಸಾವಿರ ಮರಿಗಳೋ. ಅವರು ನನ್ನನ್ನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದಿನಿಂದ ನಾನು ಕೋಲಿನ ವಿಷಯವನ್ನು ಶ್ರದ್ಧೆಯಿಂದ ಓದಿದೆ, ಪರೀಕ್ಷಿಸಿದೆ. ತಿಳಿದದ್ದರ ಸಾರ ಇಷ್ಟು: ಗಾಳದ ಕೋಲಿನ ಕೆಲಸ ಮೀನನ್ನು ಎತ್ತುವುದಲ್ಲ, ದಾರವನ್ನು ಕಾಪಾಡುವುದು. ಮೀನು ಜಗ್ಗಿದಾಗ ಆ ಜಗ್ಗನ್ನು ಯಾವುದಾದರೊಂದು ವಸ್ತು ತಾಳಿಕೊಳ್ಳಲೇಬೇಕು. ಕೋಲು ಬಾಗಿದರೆ ಆ ಪೆಟ್ಟು ಕೋಲಿನ ಉದ್ದಕ್ಕೂ ಹರಡಿ, ಒಂದೆರಡು ಸೆಕೆಂಡುಗಳ ಕಾಲಕ್ಕೆ ಹಂಚಿಹೋಗುತ್ತದೆ. ಬಾಗದಿದ್ದರೆ ಎಲ್ಲವೂ ಒಂದೇ ಕ್ಷಣದಲ್ಲಿ ದಾರದ ಅತಿ ದುರ್ಬಲವಾದ ಜಾಗದ ಮೇಲೆ ಬೀಳುತ್ತದೆ. ಎತ್ತಿನ ಗಾಡಿಗೆ ಕಮಾನು ಹಾಕಿದರೆ ಕೂತವರ ಬೆನ್ನು ಉಳಿಯುವಂತೆ ಇದು.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಇದನ್ನು ಶ್ರೋತೃಗಳು ಮನೆಯಲ್ಲಿಯೇ ಮಾಡಿ ನೋಡಬಹುದು. ಒಂದು ಸ್ಪ್ರಿಂಗ್ ತಕ್ಕಡಿಯನ್ನು ಕಂಬದ ಬುಡಕ್ಕೆ ಕಟ್ಟಿ, ದಾರದ ಕೊನೆಯನ್ನು ಅದಕ್ಕೆ ಬಿಗಿದು, ಹತ್ತು ಹನ್ನೆರಡು ಗಜ ದೂರದಲ್ಲಿ ನಿಂತು ಕೋಲನ್ನೆತ್ತಿ ಎಳೆಯಿರಿ. ತಕ್ಕಡಿಯ ಮುಳ್ಳನ್ನು ನೋಡುವುದಕ್ಕೆ ಇನ್ನೊಬ್ಬರಿರಲಿ. ನನ್ನ ಆ ನೊಗದಂಥ ಕೋಲಿನಿಂದ ಬೆವರು ಸುರಿಸಿ ಎಳೆದರೂ ಮುಳ್ಳು ಎರಡು ಕಿಲೋವನ್ನು ಮೀರಲಿಲ್ಲ. ಹತ್ತು ಅಡಿಯ ಚೆನ್ನಾಗಿ ಬಾಗುವ ಕೋಲಿನಿಂದ ಅದಕ್ಕಿಂತ ಕಡಿಮೆ ಶ್ರಮದಲ್ಲಿ ಮೂರೂವರೆ ಕಿಲೋ ತಲುಪಿತು. ಕಾರಣ ಸರಳ. ಕೋಲು ಒಂದು ಸನ್ನೆಗೋಲು. ಆದರೆ ಕಲ್ಲೆತ್ತುವ ಸನ್ನೆಗೋಲಿಗೆ ವಿರುದ್ಧವಾದದ್ದು. ಇಲ್ಲಿ ಉದ್ದವಾದ ತೋಳು ಮೀನಿನ ಕಡೆ, ಗಿಡ್ಡ ತೋಳು ನಮ್ಮ ಕಡೆ. ಆದ್ದರಿಂದ ಬಾಗದ ಉದ್ದನೆಯ ಕೋಲು ಮೀನಿಗೆ ಅನುಕೂಲ, ನಮ್ಮ ಮಣಿಕಟ್ಟಿಗೆ ಪ್ರತಿಕೂಲ. ಬಾಗುವ ಕೋಲಿನ ತುದಿ ಮೀನಿನ ಕಡೆಗೆ ತಿರುಗಿ ದಾರದೊಡನೆ ಒಂದಾಗುತ್ತದೆ. ಆಗ ತೋಳಿನ ಉದ್ದ ತಾನಾಗಿಯೇ ಕುಗ್ಗಿ ನಮ್ಮ ಬಲ ಹೆಚ್ಚುತ್ತದೆ. ಬಾಗುವುದು ದೌರ್ಬಲ್ಯವಲ್ಲ, ಯಂತ್ರದ ಒಂದು ಗುಣ.

ಈ ಗುಣವನ್ನು ಅಳೆಯಲು ಒಂದು ಮಾನವಿದೆ. ಅದನ್ನು ಟೆಸ್ಟ್ ಕರ್ವ್ ಎನ್ನುತ್ತಾರೆ. ಕೋಲಿನ ಹಿಡಿಯನ್ನು ನೆಲಕ್ಕೆ ಸಮನಾಗಿ ಹಿಡಿದು ತುದಿಗೆ ತೂಕ ತೂಗಿಬಿಟ್ಟಾಗ, ತುದಿ ನೇರ ಕೆಳಗೆ ನೋಡುವಷ್ಟು ಕೋಲು ಬಾಗಲು ಎಷ್ಟು ತೂಕ ಬೇಕೋ ಅದೇ ಆ ಕೋಲಿನ ಟೆಸ್ಟ್ ಕರ್ವ್. ಇಂಗ್ಲೆಂಡಿನ ರಿಚರ್ಡ್ ವಾಕರ್ ಎಂಬ ಪ್ರಸಿದ್ಧ ಗಾಳಗಾರರು ಈ ಲೆಕ್ಕವನ್ನು ಜನಪ್ರಿಯಗೊಳಿಸಿದವರು. ಅವರು 1952ರಲ್ಲಿ ನಲವತ್ತನಾಲ್ಕು ಪೌಂಡ್, ಅಂದರೆ ಸುಮಾರು ಇಪ್ಪತ್ತು ಕಿಲೋ ತೂಕದ ಕಾರ್ಪ್ ಮೀನನ್ನು ಹಿಡಿದು ಆ ದೇಶದ ದಾಖಲೆಯನ್ನು ಮುರಿದರು. ಅದಕ್ಕೆ ಬಳಸಿದ್ದು ತಾವೇ ರೂಪಿಸಿದ, ಬಿದಿರಿನ ಸೀಳುಗಳಿಂದ ಮಾಡಿದ ಕೋಲು. ಅದರ ಟೆಸ್ಟ್ ಕರ್ವ್ ಒಂದೂವರೆ ಪೌಂಡ್ ಮಾತ್ರ. ಎಂದರೆ ಮುಕ್ಕಾಲು ಕಿಲೋಗಿಂತಲೂ ಕಡಿಮೆ ತೂಕಕ್ಕೆ ತುದಿ ನೆಲ ನೋಡುವಂಥ ಕೋಲು. ನೀರಿನಲ್ಲಿರುವ ಮೀನಿಗೆ ತೂಕವೇ ಇಲ್ಲವೆನ್ನಬಹುದು. ನೀರೇ ಅದನ್ನು ಹೊತ್ತಿರುತ್ತದೆ. ನಾವು ಎದುರಿಸುವುದು ಮೀನಿನ ಈಜಿನ ಬಲವನ್ನು, ತಕ್ಕಡಿಯ ತೂಕವನ್ನಲ್ಲ. ಹತ್ತು ಕಿಲೋ ಮೀನಿಗೆ ಹತ್ತು ಕಿಲೋ ಎತ್ತುವ ಕೋಲು ಬೇಕೆಂಬ ಭ್ರಮೆಯನ್ನು ಇದರಿಂದ ಬಿಡಬಹುದು.

ವಾಕರರ ಕಾಲದಿಂದ ಬಂದ ಒಂದು ಸೂತ್ರ ಇಂದಿಗೂ ಉಪಯುಕ್ತ. ಕೋಲಿನ ಟೆಸ್ಟ್ ಕರ್ವಿನ ಐದು ಪಟ್ಟು ಎಷ್ಟು ಪೌಂಡೋ, ಅಷ್ಟು ಬಲದ ದಾರ ಅದಕ್ಕೆ ಹದವಾದದ್ದು. ಮೂರು ಪೌಂಡಿನ ಕೋಲಿಗೆ ಹದಿನೈದು ಪೌಂಡಿನ ನೈಲಾನ್ ದಾರ. ಬೊಡ್ಡೆಗಳಿರುವ ನೀರಿನಲ್ಲಿ ನಾನು ಏಳು ಪಟ್ಟಿನವರೆಗೂ ಹೋಗುತ್ತೇನೆ; ಅಂದರೆ ಸುಮಾರು ಇಪ್ಪತ್ತು ಪೌಂಡ್. ಈಚೆಗೆ ಬಳಕೆಗೆ ಬಂದಿರುವ ಹೆಣೆದ ದಾರಗಳು ನೈಲಾನಿನಂತೆ ಹಿಗ್ಗುವುದಿಲ್ಲ. ಪೆಟ್ಟನ್ನು ತಾಳುವ ಭಾರವೆಲ್ಲ ಕೋಲಿನ ಮೇಲೆಯೇ ಬೀಳುವುದರಿಂದ, ಅಂಥ ದಾರ ಬಳಸುವವರು ಕೋಲನ್ನು ಒಂದಿಷ್ಟು ಮೃದುವಾದದ್ದನ್ನೇ ಆರಿಸುವುದು ಲೇಸು. ಬಾಳೆಯ ಹಲ್ಲು ದಾರವನ್ನು ಕತ್ತರಿಸುತ್ತದೆಯಾದ್ದರಿಂದ ಕೊಕ್ಕೆಯ ಮೇಲೆ ಒಂದು ಗೇಣಿನಷ್ಟು ಮೆದುವಾದ ಉಕ್ಕಿನ ತಂತಿ ಇರಲೇಬೇಕು.

ಕೋಲು ಮೀನನ್ನು ತಡೆದರೆ ಸಾಲದು, ಮೇವನ್ನು ಎಸೆಯಲೂ ಬೇಕು. ಬಾಳೆಗೆ ಒಡ್ಡುವುದು ಸಣ್ಣ ಸತ್ತ ಮೀನು. ಅದರೊಡನೆ ಸೀಸದ ಗುಂಡು. ಎರಡನ್ನೂ ಕೈಯಲ್ಲಿ ತೂಗಿ ನೋಡಿ. ಸಾಮಾನ್ಯವಾಗಿ ಎಪ್ಪತ್ತರಿಂದ ತೊಂಬತ್ತು ಗ್ರಾಂ ಆಗುತ್ತದೆ. ಟೆಸ್ಟ್ ಕರ್ವಿನ ಒಂದೊಂದು ಪೌಂಡಿಗೆ ಒಂದೊಂದು ಔನ್ಸ್, ಅಂದರೆ ಸುಮಾರು ಇಪ್ಪತ್ತೆಂಟು ಗ್ರಾಂ, ಎಸೆಯುವ ತೂಕವೆಂದು ಲೆಕ್ಕ ಹಿಡಿಯುತ್ತಾರೆ. ಮೂರು ಪೌಂಡಿನ ಕೋಲು ಎಂಬತ್ತೈದು ಗ್ರಾಂ ತೂಕವನ್ನು ಸಲೀಸಾಗಿ ಎಸೆಯುತ್ತದೆ. ಹೀಗೆ ಮೀನು, ದಾರ, ಮೇವು ಈ ಮೂರು ದಾರಿಗಳಿಂದ ಬಂದರೂ ನಮ್ಮ ಲೆಕ್ಕ ಒಂದೇ ಕಡೆ ನಿಲ್ಲುತ್ತದೆ: ನಮ್ಮ ಬಾಳೆಗೆ ಎರಡೂಮುಕ್ಕಾಲರಿಂದ ಮೂರು ಪೌಂಡ್ ಟೆಸ್ಟ್ ಕರ್ವಿನ ಕೋಲು.

ಇಲ್ಲಿ ಒಂದು ಎಚ್ಚರಿಕೆ. ಹೊರದೇಶದಿಂದ ಬರುವ ಕೋಲುಗಳ ಮೇಲೆ ‘ಕ್ಯಾಟ್‌ಫಿಶ್’ ಎಂದು ಅಚ್ಚು ಹಾಕಿರುತ್ತದೆ. ಅದನ್ನು ನೋಡಿ ನಮ್ಮ ಮೀಸೆಮೀನಿಗೂ ಅದೇ ಸರಿ ಎಂದುಕೊಳ್ಳುವುದು ಸಹಜ. ಆದರೆ ಯೂರೋಪಿನಲ್ಲಿ ಆ ಹೆಸರಿನಿಂದ ಕರೆಯುವುದು ವೆಲ್ಸ್ ಎಂಬ ಬೇರೆಯೇ ಮೀನನ್ನು. ಸ್ಪೇನಿನ ಎಬ್ರೊ ನದಿಗೆ 1974ರಲ್ಲಿ ಹೊರಗಿನಿಂದ ತಂದುಬಿಟ್ಟ ಆ ಜಾತಿ ಅಲ್ಲಿ ಎರಡು ಮೀಟರಿಗಿಂತ ಉದ್ದ ಬೆಳೆದು ಮನುಷ್ಯನ ತೂಕವನ್ನು ಮೀರುತ್ತದೆ. ಅದಕ್ಕೆಂದು ಮಾಡಿದ ಕೋಲು ನಮ್ಮ ಆರೇಳು ಕಿಲೋ ಬಾಳೆಗೆ ಬಾಗುವುದೇ ಇಲ್ಲ. ನನ್ನ ನೊಗದ ಕಥೆಯೇ ಮತ್ತೆ ನಡೆಯುತ್ತದೆ. ಆದ್ದರಿಂದ ಹೆಸರನ್ನು ಬಿಟ್ಟು ಅಂಕಿಯನ್ನು ನೋಡಬೇಕು.

ಉದ್ದದ ಮಾತಿಗೆ ಬರೋಣ. ತೆಪ್ಪದಲ್ಲಿ ಕುಳಿತು ಗಾಳ ಹಾಕುವವರಿಗೆ ಏಳು ಅಡಿ ಸಾಕು. ಹೆಚ್ಚು ಉದ್ದವಾದರೆ ತಿರುಗಿಸಲು ಎಡೆಯಿರುವುದಿಲ್ಲ. ದಡದಿಂದ ಹಾಕುವವರಿಗೆ ಹತ್ತರಿಂದ ಹನ್ನೊಂದು ಅಡಿ ಒಳ್ಳೆಯದು. ಆ ಉದ್ದದಿಂದ ದೂರ ಎಸೆಯಬಹುದು, ಜೊಂಡಿನ ಮೇಲಿಂದ ದಾರವನ್ನೆತ್ತಿ ಹಿಡಿಯಬಹುದು, ಮೀನು ಬೊಡ್ಡೆಯ ಕಡೆ ನುಗ್ಗಿದಾಗ ಕೋಲನ್ನು ಪಕ್ಕಕ್ಕೆ ಬಳಸಿ ಅದರ ದಿಕ್ಕನ್ನು ತಿರುಗಿಸಬಹುದು. ಅದಕ್ಕೂ ಉದ್ದವಾದರೆ ಸನ್ನೆಗೋಲಿನ ಲೆಕ್ಕ ನಮಗೆ ವಿರುದ್ಧವಾಗುತ್ತ ಹೋಗುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ಒಮ್ಮೆ ಹೋಗಿ ಬೊಡ್ಡೆಗಳೆಲ್ಲಿವೆ, ಹಳ್ಳ ಎಲ್ಲಿದೆ ಎಂದು ನೋಡಿ ಬಂದರೆ ಉದ್ದದ ತೀರ್ಮಾನ ಸುಲಭವಾಗುತ್ತದೆ.

ಬಾಗುವುದರಲ್ಲಿಯೂ ಬಗೆಗಳಿವೆ. ಕೆಲವು ಕೋಲುಗಳು ತುದಿಯ ಕಾಲುಭಾಗದಲ್ಲಿ ಮಾತ್ರ ಬಾಗುತ್ತವೆ, ಕೆಲವು ನಡುವಿನವರೆಗೆ, ಕೆಲವು ಹಿಡಿಯವರೆಗೂ. ತುದಿ ಮಾತ್ರ ಬಾಗುವ ಕೋಲು ದೂರ ಎಸೆಯಲು ಚೆಂದ. ದೊಡ್ಡ ಮೀನಿನ ಧಾವಂತಕ್ಕೆ ಅದರಲ್ಲಿ ಸ್ಥಳ ಸಾಲದು. ಬಾಳೆಗೆ ನಡುವಿನವರೆಗೆ ಬಾಗಿ ಬುಡದಲ್ಲಿ ಬಲ ಉಳಿಸಿಕೊಂಡಿರುವ ಕೋಲೇ ತಕ್ಕದ್ದು.

ಯಾವ ವಸ್ತುವಿನ ಕೋಲು ಎಂಬ ಪ್ರಶ್ನೆಯೂ ಇದೆ. ನಮ್ಮವರು ತಲೆತಲಾಂತರದಿಂದ ಬಳಸಿದ್ದು ಬಿದಿರು. ಬಿದಿರಿನ ಬಲವಿರುವುದು ಅದರ ಹೊರಸಿಪ್ಪೆಯ ಕೆಳಗಿನ ಒತ್ತಾದ ನಾರಿನಲ್ಲಿ. ಅದಕ್ಕಾಗಿಯೇ ಹೊರಮೈಯನ್ನು ತ್ರಿಕೋನದ ಆರು ಸೀಳುಗಳಾಗಿ ಸೀಳಿ, ಅಂಟಿಸಿ, ಆರು ಮುಖದ ಕೋಲು ಮಾಡುವ ಕಲೆ ಬೆಳೆಯಿತು. ಎರಡನೆಯ ಮಹಾಯುದ್ಧದ ಅನಂತರ ಗಾಜಿನ ನಾರಿನ ಕೋಲುಗಳು ಬಂದವು. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ವಿಮಾನಗಳ ಸಂಶೋಧನೆಯಿಂದ ಹುಟ್ಟಿದ ಬಲವಾದ ಇಂಗಾಲದ ನಾರು 1970ರ ದಶಕದಲ್ಲಿ ಗಾಳದ ಕೋಲಿಗೂ ಇಳಿಯಿತು. ಇಂಗಾಲದ ಕೋಲು ಹಗುರ, ಚುರುಕು. ಆದರೆ ಕಲ್ಲಿಗೆ ಬಡಿದು ಒಂದು ಸಣ್ಣ ಗಾಯವಾದರೂ ಮುಂದೆಂದೋ ಅಲ್ಲಿಯೇ ಮುರಿಯುತ್ತದೆ. ಗಾಜಿನ ಕೋಲು ಭಾರ, ಆದರೆ ಒರಟು ಬಳಕೆಯನ್ನು ಸಹಿಸುತ್ತದೆ, ಧಾರಾಳವಾಗಿ ಬಾಗುತ್ತದೆ. ರಾತ್ರಿ ಕತ್ತಲೆಯಲ್ಲಿ, ಬಂಡೆಗಳ ನಡುವೆ, ಕೋಲನ್ನು ಕವೆಗೆ ಒರಗಿಸಿ ಕಾಯುವ ಬಾಳೆಯ ಬೇಟೆಗೆ ಭಾರ ದೊಡ್ಡ ತೊಡಕಲ್ಲ. ಹೊಸಬರಿಗೆ ನಾನು ಗಾಜಿನ ಕೋಲನ್ನೋ, ಗಾಜು ಇಂಗಾಲ ಎರಡನ್ನೂ ಬೆರೆಸಿದ ಕೋಲನ್ನೋ ಹೇಳುತ್ತೇನೆ. ಇಂಗಾಲದ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಯಾರೂ ಮರೆಯಬಾರದು. ಹಿನ್ನೀರಿನ ದಡದಲ್ಲಿ ಪಂಪುಸೆಟ್ಟುಗಳಿಗೆ ಎಳೆದ ತಂತಿಗಳು ಎಷ್ಟೋ ಕಡೆ ತಗ್ಗಾಗಿ ಜೋಲುತ್ತಿರುತ್ತವೆ. ಅವುಗಳ ಹತ್ತಿರ ಯಾವ ಕೋಲನ್ನೂ ಎತ್ತಬಾರದು. ಸಿಡಿಲು ಮಿಂಚುಗಳ ಹೊತ್ತಿನಲ್ಲಿ ದಡದಲ್ಲಿ ನಿಲ್ಲಲೂ ಬಾರದು.

ಅಂಗಡಿಯಲ್ಲಿ ಕೋಲನ್ನು ಪರೀಕ್ಷಿಸುವ ಬಗೆ ಇದು. ಎರಡು ತುಂಡಿನ ಕೋಲು ಒಳ್ಳೆಯದು; ಒಂದರೊಳಗೊಂದು ಸೇರುವ ದೂರದರ್ಶಕದಂಥ ಕೋಲುಗಳು ಒಯ್ಯಲು ಸುಖ, ದೊಡ್ಡ ಮೀನಿಗೆ ನಂಬಲರ್ಹವಲ್ಲ. ತುಂಡುಗಳನ್ನು ಜೋಡಿಸಿ ಅಲ್ಲಾಡಿಸಿ ನೋಡಿ. ಕೀಲಿನಲ್ಲಿ ಟಕಟಕ ಸದ್ದು ಬರಬಾರದು. ಒಂದಿಷ್ಟು ಹತ್ತಿಯನ್ನು ಪ್ರತಿಯೊಂದು ಉಂಗುರದ ಒಳಗೆ ತೂರಿಸಿ ತಿರುವಿ ಎಳೆಯಿರಿ. ಎಲ್ಲಿಯಾದರೂ ಒಂದು ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದು ಅರ್ಥ. ಹತ್ತು ಪೈಸೆಯ ಹತ್ತಿಯನ್ನು ಅಂದು ನಾನು ಬಳಸಿದ್ದರೆ ಆ ಮೀನು ಅಷ್ಟುದ್ದ ದಾರವನ್ನು ಎಳೆದುಕೊಂಡು ಹೋಗುತ್ತಿರಲಿಲ್ಲ. ಆಮೇಲೆ ದಾರವನ್ನು ಎಲ್ಲ ಉಂಗುರಗಳಲ್ಲಿ ಪೋಣಿಸಿ, ಕೊನೆಗೆ ಚೀಲದಲ್ಲಿ ಒಂದು ಕಿಲೋ ಬೆಲ್ಲವನ್ನು ಕಟ್ಟಿ ಮೆಲ್ಲನೆ ಎತ್ತಿ ನೋಡಿ. ಕೋಲು ಎಲ್ಲಿಯೂ ಗಿಣ್ಣು ಮುರಿದಂತೆ ಕೋನವಾಗದೆ, ಬಿಲ್ಲಿನಂತೆ ಒಂದೇ ಸಮನೆ ಬಾಗಬೇಕು. ಬಾಗಿದಾಗ ದಾರ ಕೋಲಿನ ಮೈಯನ್ನು ಎಲ್ಲಿಯಾದರೂ ಸವರಿದರೆ ಉಂಗುರಗಳ ಸಂಖ್ಯೆ ಸಾಲದು. ರಾಟೆಯನ್ನು ಕೂರಿಸುವ ಜಾಗದ ತಿರುಪು ಬಿಗಿಯಾಗಿರಬೇಕು. ಹಿಡಿಯ ಕೆಳತುದಿ ಮೊಣಕೈಯನ್ನು ದಾಟಿ ಪಕ್ಕೆಗೆ ಒರಗುವಷ್ಟು ಉದ್ದವಿರಬೇಕು. ಅಂಗಡಿಯವನು ಈ ಪರೀಕ್ಷೆಗಳಿಗೆ ಒಪ್ಪದಿದ್ದರೆ ಕೈಮುಗಿದು ಹೊರಗೆ ಬನ್ನಿ.

ಕೊಂಡ ಮೇಲೆ ಅದನ್ನು ಬಳಸುವ ಕ್ರಮವೂ ಆಯ್ಕೆಯಷ್ಟೇ ಮುಖ್ಯ. ರಾಟೆಯ ಬಿಗಿಯನ್ನು ದಾರದ ಬಲದ ಮೂರನೆಯ ಒಂದು ಭಾಗಕ್ಕೆ ಮೀರದಂತೆ ಇಡಬೇಕು. ಕೋಲನ್ನು ನೇರ ಮೇಲಕ್ಕೆತ್ತಿ ಹಿಂದಕ್ಕೆ ಬಾಗಿಸಿದರೆ ಭಾರವೆಲ್ಲ ತುದಿಗೆ ಬಿದ್ದು ಮುರಿಯುತ್ತದೆ. ದಡಕ್ಕೆ ಬಂದ ಮೀನನ್ನು ಕೋಲಿನಿಂದ ಎತ್ತದೆ ಬಲೆಯಲ್ಲಿ ಎತ್ತಿಕೊಳ್ಳಬೇಕು. ನೀರಿನಿಂದ ಹೊರಗೆ ಬಂದ ಕ್ಷಣದಲ್ಲಿ ಮೀನಿಗೆ ತನ್ನ ಪೂರ್ತಿ ತೂಕ ಮರಳಿ ಬರುತ್ತದೆಯಲ್ಲವೆ?

ತೀರ ಮೃದುವಾದ ಕೋಲಿನಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸುವುದನ್ನು ಕೆಲವರು ಕೌಶಲವೆಂದು ಭಾವಿಸುತ್ತಾರೆ. ಅದೂ ತಪ್ಪೇ. ಹಾಗೆ ಬಸವಳಿದ ಮೀನನ್ನು ನೀರಿಗೆ ಬಿಟ್ಟರೂ ಅದು ಬದುಕುವುದು ಕಷ್ಟ. ಗಟ್ಟಿಕೋಲು ದಾರ ಹರಿದು ಕೊಲ್ಲುತ್ತದೆ, ಮೆದುಕೋಲು ದಣಿಸಿ ಕೊಲ್ಲುತ್ತದೆ. ಇವೆರಡರ ನಡುವಿನ ಹದವನ್ನು ಹುಡುಕುವುದೇ ಕೋಲಿನ ಆಯ್ಕೆ.

ಇದು ಈಗ ಇನ್ನೂ ಮುಖ್ಯವಾದ ಮಾತು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಕೆಂಪುಪಟ್ಟಿಯಲ್ಲಿ 2019ರ ಮೌಲ್ಯಮಾಪನದಂತೆ ಬಾಳೆಯನ್ನು ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಸಾಲಿಗೆ ಸೇರಿಸಿದೆ. ನಾವು ಚಿಕ್ಕವರಿದ್ದಾಗ ಸಂತೆಯಲ್ಲಿ ಸಾಲಾಗಿ ಮಲಗಿರುತ್ತಿದ್ದ ಮೀನು ಇದು. ಮುಂಗಾರಿನ ಹೊಸ ನೀರಿನಲ್ಲಿ ಅದು ಮೊಟ್ಟೆಯಿಡಲು ತೆಳುನೀರಿಗೆ ಏರಿ ಬರುತ್ತದೆ. ಆ ಕಾಲದಲ್ಲಿ ಗಾಳವನ್ನು ಅಟ್ಟದ ಮೇಲಿಡುವುದು ಧರ್ಮ. ಉಳಿದ ಕಾಲದಲ್ಲಿಯೂ ಅನುಮತಿಯಿಲ್ಲದ ನೀರಿನಲ್ಲಿ, ವನ್ಯಧಾಮದ ಹೊಳೆಗಳಲ್ಲಿ ಗಾಳ ಹಾಕಬಾರದು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಮೀನನ್ನು ಬಿಡಿಸುವುದು ಸುಲಭ; ಒಂದು ವೇಳೆ ದಾರ ಹರಿದರೂ ಕೊಕ್ಕೆ ತಾನಾಗಿಯೇ ಕಳಚಿಕೊಳ್ಳುವ ಸಂಭವವಿರುತ್ತದೆ.

ಮಿತ್ರರ ಮಗನಿಗೆ ನಾನು ಇಷ್ಟನ್ನೂ ಹೇಳಿದೆ. ಅವನು ಬೆಲೆಪಟ್ಟಿಯನ್ನು ಮತ್ತೊಮ್ಮೆ ತಿರುವಿ, ಅತ್ಯಂತ ದಪ್ಪವಾದ ಕೋಲಿನ ಪಕ್ಕದಲ್ಲಿ ಹಾಕಿಕೊಂಡಿದ್ದ ಗುರುತನ್ನು ಹೊಡೆದುಹಾಕಿ, ಹತ್ತು ಅಡಿಯ ಮೂರು ಪೌಂಡಿನ ಒಂದು ಗಾಜಿನ ಕೋಲಿಗೆ ಗುರುತು ಹಾಕಿದ. ಅದರ ಬೆಲೆ ಮೊದಲಿನದರ ಅರ್ಧಕ್ಕಿಂತ ಕಡಿಮೆ ಇತ್ತು. ಹೊರಡುವಾಗ ನನ್ನ ಮೇಜಿನ ಮೇಲೆ ಸಣ್ಣ ಬಟ್ಟಲಿನಲ್ಲಿದ್ದ ತುಕ್ಕು ಹಿಡಿದ ಒಂದು ಕೊಕ್ಕೆಯನ್ನು ಕಂಡು, “ಇದನ್ನೇಕೆ ಇಟ್ಟುಕೊಂಡಿದ್ದೀರಿ?” ಎಂದು ಕೇಳಿದ. ಆ ಹಿನ್ನೀರಿನ ಬೆಳಗಿನ ಕಥೆಯನ್ನು ನಾನು ಅವನಿಗೆ ಹೇಳಿದ್ದು ಆಗ.